ಹುಳದ ಶೇಖಮ್ಮನ ಕಡ್ಡಿಪೆಟ್ಟಿಗಿ

ಭೀಮರಾಯನಗುಡಿ ಕ್ಯಾಂಪಿನ ಹಿಂದ, ಕಾಲುವಿ ಬಸಿನೀರು ನಿಲ್ಲೋ ತಗ್ಗಿನಾಗ ಒಂದು ಓಣಿ ಅದ. ಮೂವತ್ತು ಮನಿ, ಮನಿಗೊಂದು ಹಿತ್ತಲ. ಹಿತ್ತಲ ಅಂದಮ್ಯಾಲ ಬದನಿ, ಚವಳಿ, ಅಲಸಂದಿ ಬಳ್ಳಿ ಇರಬೇಕು. ಅವು ಇದ್ದಮ್ಯಾಲ ಹುಳ ಹತ್ತಬೇಕು. ಹುಳ ಹತ್ತಿದಮ್ಯಾಲ ಶೇಖಮ್ಮನ ಮನಿಗಿ ಹೋಗಬೇಕು. ಇಪ್ಪತ್ತೈದು ವರ್ಷ ಓಣಿ ಹಿಂಗೇ ನಡಕೊಂಡು ಬಂದದ.

ಶೇಖಮ್ಮ ಐವತ್ತೇಳು ದಾಟಿದ ಹೆಣ್ಣುಮಗಳು. ಬರೇ ಶೇಖಮ್ಮ ಅಂತ ಕೇಳಿದ್ರ ಯಾರೂ ಮನಿ ತೋರ್ಸಂಗಿಲ್ಲ, 'ಹುಳದ ಶೇಖಮ್ಮ' ಅನ್ನಬೇಕು. ಬ್ಯಾರೆ ಯಾರಿಗಾರ ಹಂಗ ಕರದ್ರ ಕಸಬರಗಿ ತಗೊಂಡು ಬರ್ತಿದ್ರು. ಈಕಿಗಿ ಮಾತ್ರ ಅದು ಪದವಿ. ತವರು ಸುರಪುರ ಕಡೆ ಹಳ್ಳಿ. ತೊಗರಿಗಿ ಹುಳ ಬಿದ್ದಾಗ ಅಪ್ಪ ಮಂದಿ ಹೊಲದಾಗ ಗಿಡ ಅಲ್ಲಾಡ್ಸೋ ಕೂಲಿಗಿ ಹೋಗ್ತಿದ್ದ. ಕೆಳಗ ಹಾಸಿದ ತಾಡಪತ್ರಿ ಮ್ಯಾಲ ಹುಳ ಪಟಪಟ ಉದುರ್ತಿದ್ವು. ಉಳಿದ ಹುಡುಗ್ರು ಹೇಸಿ ಓಡಿದ್ರ, ಈಕಿ ಅಲ್ಲೇ ಕುಕ್ಕರಗಾಲಿಲೆ ಕುಂತು ಹಸರು ಯಾವುದು, ಕಂದು ಯಾವುದು, ಬೆನ್ನ ಮ್ಯಾಲ ಗೀರು ಎಷ್ಟು ಅಂತ ನೋಡ್ತಿದ್ಳು. "ಈ ಹುಡುಗಿ ಹುಳದ ಜೋಡಿ ಸಂಸಾರ ಮಾಡ್ತದ ನೋಡು" ಅಂತ ಅವ್ವ ಬೈತಿದ್ಳು. ಸಂಸಾರ ಆಗಿದ್ದು ಕಾಲುವಿ ಗೇಟಿನ ಕೆಲಸದ ದ್ಯಾವಪ್ಪನ ಜೋಡಿ. ಹುಳಾನೂ ಬಿಡಲಿಲ್ಲ, ಅಷ್ಟೇ.

ಈ ಓಣ್ಯಾಗ ಒಂದು ಪದ್ಧತಿ ಅದ. ಯಾರ ಗಿಡಕ್ಕ ಏನು ಹತ್ತಿದ್ರೂ ಆ ಹುಳಾನ ಖಾಲಿ ಕಡ್ಡಿಪೆಟ್ಟಿಗ್ಯಾಗ ಹಾಕ್ಕೊಂಡು, ಜೊತಿಗಿ ಅದೇ ಗಿಡದ ಒಂದು ಎಲಿ ಇಟ್ಟು, ಶೇಖಮ್ಮನ ಕಟ್ಟಿಗಿ ತರಬೇಕು. ತಂದ ಕೂಡಲೇ ಪೆಟ್ಟಿಗಿ ತೆಗೀತಾಳ ಅಂದ್ರ ತಪ್ಪು. ಪೆಟ್ಟಿಗಿ ಬಾಜೂಕ ಇಟ್ಟು ಮೊದಲು ಪೋಲೀಸರಂಗ ಪ್ರಶ್ನಿ ಕೇಳ್ತಿದ್ಳು.

"ಎಲಿ ತಿಂದದೋ, ಕುಡಿ ಬಾಡ್ಯಾದೋ?"

"ಕುಡಿ ಬಾಡ್ಯಾದರಿ."

"ಬದನೀನ?"

"ಹೌದ್ರಿ, ಬದನೀನ."

"ಹಂಗಾದ್ರ ಕಳ್ಳ ಎಲಿ ಮ್ಯಾಲಿಲ್ಲ, ಕಾಂಡದ ಒಳಗ ಕುಂತಾನ. ಬಾಡಿದ ಕುಡಿ ನಾಕು ಬಟ್ಟು ಕೆಳಗ ಮುರಿ. ಮುರಿದದ್ದು ಅಲ್ಲೇ ಒಗೀಬ್ಯಾಡ, ಒಲಿಗಿ ಹಾಕು."

ಆಮ್ಯಾಲ ಪೆಟ್ಟಿಗಿ ತೆಗದು, ಹುಳ ನೋಡಂಗಿಲ್ಲ, ಅದರ ಹಿಕ್ಕಿ ನೋಡ್ತಿದ್ಳು. ಕಾಳಿನಂಗ ಗುಂಡಗದನೋ, ಪುಡಿಪುಡಿ ಅದನೋ, ಹಸರೋ, ಕರಿಯೋ. "ಹುಳದ ಮಾರಿ ಸುಳ್ಳು ಹೇಳಬಹುದು, ಹಿಕ್ಕಿ ಸುಳ್ಳು ಹೇಳಂಗಿಲ್ಲ" ಅಂಬೋದು ಅಕಿ ಮಾತು. ಲಿಂಬಿ ಎಲಿ ಮ್ಯಾಲ ಗುಬ್ಬಿ ಹಿಕ್ಕಿಯಂಗ ಬಿದ್ದಿರೋದು ಹಿಕ್ಕಿ ಅಲ್ಲ, ಅದೇ ಹುಳ, ಮುಟ್ಟಿದ್ರ ಕೆಂಪು ಕೋಡು ತೆಗದು ನಾರ್ತದ ಅಂತ ಓಣಿಗಿ ಹೇಳಿಕೊಟ್ಟಾಕಿ ಈಕಿನೇ. ತಿಪ್ಪ್ಯಾಗ ಸುರುಳಿ ಸುತ್ಕೊಂಡು ಮಲಗಿರೋ ಬಿಳಿ ಗೊಣ್ಣಿಹುಳ ಬ್ಯಾರೆ, ಎರಿಹುಳ ಬ್ಯಾರೆ, ಒಂದು ಬೇರು ತಿಂತದ ಇನ್ನೊಂದು ಮಣ್ಣು ತಿಂತದ ಅಂತ ಹೇಳಿದಾಕಿನೂ ಈಕಿನೇ. ಇದಕ್ಕ ರೊಕ್ಕ ಇಲ್ಲ. ಗಿಡ ಉಳದ್ರ ಅದರ ಮೊದಲ ಮುಷ್ಟಿ ಕಾಯಿ ಶೇಖಮ್ಮನ ಕಟ್ಟಿ ಮ್ಯಾಲ ಬರಬೇಕು. ಮೊದಲ ಮುಷ್ಟಿ ಅಂದ್ರ ಕಾಯಿಪಲ್ಯ ಅಲ್ಲರೀ, ಅದು ಇಜ್ಜತ್ತು. ಖಾಲಿ ಪೆಟ್ಟಿಗಿ ಗ್ವಾಡ್ಯಾಗಿನ ಮಾಡದಾಗ ಒಂದರ ಮ್ಯಾಲೊಂದು ಇಟ್ಟಿದ್ಳು. ದ್ಯಾವಪ್ಪ ಬೀಡಿ ಹಚ್ಚಾಕ ಯಾವುದಾರ ತೆಗದ್ರ ಒಳಗ ಕಡ್ಡಿ ಬಿಟ್ಟು ಉಳಿದದ್ದೆಲ್ಲ ಸಿಗ್ತಿತ್ತು.

ಇಷ್ಟು ಛಂದ ನಡದಿದ್ದಕ್ಕ ಕಲ್ಲು ಬಿದ್ದಿದ್ದು ದೇವಕಮ್ಮನಿಂದ. ದೇವಕಮ್ಮ ಅಂದ್ರ ಶೇಖಮ್ಮನ ನೆಗೆಣ್ಣಿ, ಮೈದುನನ ಹೆಂಡತಿ, ಮೂವತ್ತೊಂದು ವಯಸ್ಸು, ಪಿಯುಸಿ ತನಕ ಕಲ್ತಾಕಿ. ಎರಡು ಹಿತ್ತಲದ ನಡುವ ಎದಿಮಟ್ಟದ ಒಂದು ಗ್ವಾಡಿ. ಹೋದ ವರ್ಷ ಕೃಷಿ ಕಾಲೇಜಿನವರು ಹೆಣ್ಣುಮಕ್ಕಳಿಗಿ ಐದು ದಿನದ ತರಬೇತಿ ಇಟ್ಟಿದ್ರು, ಕೀಟ ಗುರುತಿಸೋದು. ಖರೇ ಹೇಳಬೇಕಂದ್ರ ಮೊದಲು ಕೇಳಿದ್ದು ಶೇಖಮ್ಮಗೇ. "ನನಗೇನು ಕಲಿಸ್ತೀರಿ? ನೀವೇ ಬರ್ರಿ, ನಾ ಕಲಿಸ್ತೀನಿ" ಅಂತ ಅಕಿ ಸೆರಗು ಜಾಡಿಸಿ ಕಳಿಸಿದ್ಳು. ಆ ಜಾಗಕ್ಕ ದೇವಕಮ್ಮ ಹೋದ್ಳು. ತಪ್ಪು ಯಾರದು ನೀವೇ ಹೇಳ್ರಿ.

ಬಂದಾಗ ದೇವಕಮ್ಮನ ಹೆಗಲಿಗೊಂದು ಚೀಲ, ಕೈಯಾಗೊಂದು ಭೂತಗನ್ನಡಿ, ಫೋನಿನ ತುಂಬ ಹುಳದ ಫೋಟೋ. ಓಣಿ ಹೆಣ್ಣುಮಕ್ಕಳಿಗಿ ಹುಚ್ಚು ಹಿಡೀತು. "ಎರಡು ಬಟ್ಟಿಲೆ ಹಿಂಗ ಜಗ್ಗಿದ್ರ ಹುಳ ಎಮ್ಮಿ ಆಗ್ತದವಾ!" ಅಂತ ನಳದ ಮುಂದ ಅದೇ ಮಾತು. ಕಡ್ಡಿಪೆಟ್ಟಿಗಿ ಹಾದಿ ತಪ್ಪಿದ್ವು. ಶೇಖಮ್ಮನ ಕಟ್ಟಿ ಮುಂದಿಂದೇ ಹಾದು ಆ ಕಡೆ ಬಾಗಿಲಿಗಿ ಹೋಗಾಕ ಹತ್ತಿದ್ವು.

"ಹಿಂದ ಬಂದ ಕೋಡು ಮುಂದ ಬಂದ ಕಿವಿಗಿಂತ ಉದ್ದಾದ್ವು" ಅಂತ ಶೇಖಮ್ಮ ಗಂಡನ ಮುಂದ ಹಲ್ಲು ಕಡದ್ಳು.

"ಲೇ, ನಿನ್ನ ಕಿವಿ ಏನು ಕಡಿಮಿ ಉದ್ದ ಅವನ? ದಿನಾ ಗ್ವಾಡಿಗಿ ಹಚ್ಚೇ ಕುಂತಿರ್ತಿ" ಅಂದ ದ್ಯಾವಪ್ಪ.

ಸುಳ್ಳಲ್ಲ. ಹೊಟ್ಟಿಕಿಚ್ಚಿಗಿ ಹೊಟ್ಟಿ ಅಂತ ಹೆಸರು ಅದ, ಅದು ಇರೋದು ಕಣ್ಣು ಕಿವ್ಯಾಗ. ಗ್ವಾಡಿ ಆ ಕಡೆ ದೇವಕಮ್ಮ ನಕ್ಕರ ಇಲ್ಲಿ ಶೇಖಮ್ಮನ ರೊಟ್ಟಿ ಹರೀತಿತ್ತು. ಮುಂಜಾನಿ ಕಸ ಹೊಡಿಯೋ ನೆವ ಮಾಡಿ, ಗ್ವಾಡಿ ಮ್ಯಾಲ ಯಾರ ಮೊದಲ ಮುಷ್ಟಿ ಬಂದು ಬಿದ್ದದ ಅಂತ ಇಣುಕಿ ನೋಡ್ತಿದ್ಳು. ಇವು ಮಲ್ಲಿಕಮ್ಮನ ಬದನಿ, ಮುಳ್ಳು ಜಾಸ್ತಿ. ಇವು ಆ ಕಡೀ ಮನಿ ಚವಳಿ. ಹುಳ ಗುರುತಿಸ್ತಿದ್ದ ಕಣ್ಣು ಈಗ ಬರೇ ಮಂದಿ ಕಾಯಿ ಗುರುತಿಸ್ಲಿಕತ್ತಿದ್ವು. ಸಿಟ್ಟಿನಾಗ ಯಾರ ಮನಿಗೂ ಹೋಗೋದು ಬಿಟ್ಳು. ಹಬ್ಬಕ್ಕಿಲ್ಲ, ಹುಣ್ಣಿಮಿಗಿಲ್ಲ, ಜಡ್ಡು ಕೇಳಾಕೂ ಇಲ್ಲ. ಬರೋರು ಬರ್ಲಿ, ನಾ ಯಾಕ ಹೋಗ್ಲಿ?

ಎಲ್ಲಾರೂ ಹೋದ್ರ ಹೋಗ್ಲಿ, ಮಜೀದಾ ಒಬ್ಬಾಕಿ ಹೋಗಂಗಿಲ್ಲ ಅಂತ ಅಕಿಗಿ ಭರೋಸ ಇತ್ತು. ಮಜೀದಾ ಗಂಡ ಸತ್ತಾಕಿ. ಹಿತ್ತಲದ ಕಾಯಿಪಲ್ಯ ಶಹಾಪುರ ಬಜಾರದಾಗ ಮಾರಿ, ತನ್ನ ಹೊಟ್ಟಿ, ಅತ್ತಿ ಶರೀಫಾಬೀ ಹೊಟ್ಟಿ ಎರಡೂ ನಡಸ್ತಿದ್ಳು. ಇಪ್ಪತ್ತು ವರ್ಷದ ಗೆಳತಿ. ಶೇಖಮ್ಮಗ ಜ್ವರ ಬಂದಾಗ ಗಂಜಿ ಕಾಸಿದಾಕಿ. ಆ ಮಜೀದಾ ಒಂದು ದಿನ ಮುಂಜಾನಿ ಕಡ್ಡಿಪೆಟ್ಟಿಗಿ ಹಿಡಕೊಂಡು ತಲಿ ತಗ್ಗಿಸಿ ದೇವಕಮ್ಮನ ಹಿತ್ತಲಕ್ಕ ಹೋದ್ಳು. ಶೇಖಮ್ಮ ಗ್ವಾಡಿ ಈ ಕಡೆ ಕುಂತು ಕಿವಿ ಹಚ್ಚಿದ್ಳು.

"ಅಲಸಂದಿ ಕುಡಿಗಿ ಕರಿಹೇನು ಮುತ್ತ್ಯಾವ ದೇವಕಮ್ಮ" ಅಂದ್ಳು ಮಜೀದಾ. "ಅವುಗಳ ನಡುವ ಈ ಹಸರು ಹುಳ ನೋಡು. ಕಾಲಿಲ್ಲ, ತಲಿ ಯಾವುದು ಬಾಲ ಯಾವುದು ತಿಳಿಯಂಗಿಲ್ಲ, ಜಿಗಳಿ ಮರಿ ಇದ್ದಂಗ ಅದ. ಶೇಖಮ್ಮಕ್ಕ ಕಂಡಲ್ಲಿ ಹೊಸಗಿ ಹಾಕು ಅಂತಿದ್ಳು."

"ಅಯ್ಯ, ಹೊಸಗಬ್ಯಾಡ!" ಅಂದ್ಳು ದೇವಕಮ್ಮ. "ಅದು ಬಳ್ಳಿ ತಿನ್ನಂಗಿಲ್ಲ, ಹೇನು ತಿಂತದ. ಜೇನಿನಂಗ ಕಾಣೋ ಒಂದು ನೊಣ ಹೂವಿನ ಮ್ಯಾಲ ನಿಂತಲ್ಲೇ ಹಾರ್ತದಲ್ಲ, ಅದರ ಮರಿ ಇದು. ನಮ್ಮ ಕಡೀ ಹುಳ. ಯಕ್ಕಗ ಇದೊಂದು ಗೊತ್ತಾಗಿಲ್ಲ, ಅಷ್ಟೇ."

ಯಕ್ಕಗ ಇದೊಂದು ಗೊತ್ತಾಗಿಲ್ಲ! ಶೇಖಮ್ಮ ಕೈಯಾಗಿನ ಕುಡಗೋಲು ಒಗದು ಎದ್ಳು. ಇಪ್ಪತ್ತೈದು ವರ್ಷ ಓಣಿಗಿ ಓಣಿನೇ ಅಕಿ ಮಾತು ಕೇಳಿ ಆ ಹುಳ ಹೊಸಗ್ಯಾದ. ಹಂಗಾದ್ರ ಇಪ್ಪತ್ತೈದು ವರ್ಷ ನಾ ಮಂದಿಗಿ ಸುಳ್ಳು ಹೇಳ್ದೇನ? ಹುಳ ಅಂದ್ರ ಹುಳ, ಅದು ಬಳ್ಳಿ ಮ್ಯಾಲ ಕುಂತು ಬಳ್ಳಿ ತಿನ್ನದ ಮುಂಜಾನಿ ಚಾ ಕುಡೀತದೇನು? ಅಕಿ ಸೀದಾ ನಳದ ಕಟ್ಟಿಗಿ ಹೋದ್ಳು. ಏಳೆಂಟು ಹೆಣ್ಣುಮಕ್ಕಳು ಕೊಡ ಹಚ್ಚಿ ನಿಂತಿದ್ರು, ಮಜೀದಾನೂ ಅಲ್ಲಿಗೇ ಬಂದ್ಳು.

"ಕೇಳ್ರೆವ್ವಾ ಎಲ್ಲಾರು!" ಅಂದ್ಳು ಶೇಖಮ್ಮ. "ಈ ಮಜೀದಾ ಅಲಸಂದಿ ಮ್ಯಾಲಿನ ಹಸರು ಹುಳ ಸಾಕ್ತಾಳಂತ. ಸಾಕ್ಲಿ. ಈ ಅಮಾಸಿ ಬರೋದ್ರಾಗ ಈಕಿ ಅಲಸಂದಿ ಬಳ್ಳಿ ಒಣಗಲಿಲ್ಲಂದ್ರ, ಆವತ್ತಿನಿಂದ ನನ್ನ ಯಾರೂ ಹುಳದ ಶೇಖಮ್ಮ ಅನ್ನಬ್ಯಾಡ್ರಿ. ನಾನೂ ಯಾರ ಕಡ್ಡಿಪೆಟ್ಟಿಗಿ ಮುಟ್ಟಂಗಿಲ್ಲ."

ಮಾತು ಬಾಯಿ ಬಿಟ್ಟು ಹೋತು. ಅಮಾಸಿಗಿ ಹನ್ನೆರಡು ದಿನ ಇತ್ತು.

ಮಾತೇನೋ ಆಡಿದ್ಳು. ಆಡಿ ಮನಿಗಿ ಬಂದಮ್ಯಾಲ ಲೆಕ್ಕ ಹಾಕಾಕ ಕುಂತ್ಳು. ಮಜೀದಾನ ಬಳ್ಳಿ ಗಟ್ಟಿ ಬಳ್ಳಿ. ಹನ್ನೆರಡು ದಿನದಾಗ ಒಣಗದಿದ್ರ? ಹುಳ ಕಡಿಮಿ ಬಿದ್ರ? ಇಪ್ಪತ್ತೈದು ವರ್ಷದ ಹೆಸರು ಒಂದು ಬಳ್ಳಿ ಕೈಯಾಗ ಕೊಟ್ಟು ಕುಂತಂಗಾತು. ಆಗ ಅಕಿ ಕಣ್ಣು ತನ್ನ ಹಿತ್ತಲದ ಅಲಸಂದಿ ಮ್ಯಾಲ ಬಿತ್ತು. ಅಲ್ಲೂ ಕರಿಹೇನು, ಅಲ್ಲೂ ಅದೇ ಹಸರು ಹುಳ, ಕುಡಿಗೊಂದು ಎರಡು ಬರೋಬ್ಬರಿ ಇದ್ವು. ದಿನಾಲು ಹೊಸಗ್ತಿದ್ದಾಕಿ, ಗ್ವಾಡಿಗಿ ಕಿವಿ ಹಚ್ಚೋ ಗಡಬಡಿಯಾಗ ವಾರದಿಂದ ಆ ಕೆಲಸ ಬಿಟ್ಟಿದ್ಳು.

ಒಂದು ವಿಚಾರ ಬಂತು. ಬರಬಾರದಿತ್ತು, ಬಂತು. ಇವನ್ನೆಲ್ಲ ಆರಿಸಿ ಮಜೀದಾನ ಬಳ್ಳಿಗಿ ಬಿಟ್ರ? ನನ್ನ ಬಳ್ಳಿ ಉಳೀತದ, ಅಕಿದು ಒಣಗತದ, ಆ ದೇವಕಮ್ಮನ ಮೂಗು ಮುರೀತದ. ಒಂದೇ ಕಲ್ಲಿಗಿ ಮೂರು ಕಾಯಿ!

ಮರುದಿನ ಮಧ್ಯಾಹ್ನ, ಮಜೀದಾ ಬಜಾರಕ್ಕ ಹೋದ ಹೊತ್ತು ನೋಡಿ, ಶೇಖಮ್ಮ ಮಾಡದಾಗಿನ ಮೂರು ಖಾಲಿ ಕಡ್ಡಿಪೆಟ್ಟಿಗಿ ತೆಗದು, ಹುಳ ಆರಿಸಿ ತುಂಬಿಕೊಂಡು, ಸೆರಗಿನಾಗ ಮುಚ್ಚಿಕೊಂಡು ಹೋದ್ಳು. ಅಂಗಳದಾಗ ಹೊರಸಿನ ಮ್ಯಾಲ ಶರೀಫಾಬೀ ಕುಂತಿದ್ಳು. ಮುದುಕಿ ಕಣ್ಣಿಗಿ ಪೊರಿ ಬಂದು ಎರಡು ವರ್ಷ ಆಗಿತ್ತು, ಅಕಿಗಿ ಎದುರಿಗಿ ಆನಿ ನಿಂತ್ರೂ ಕಾಣಂಗಿಲ್ಲ ಅಂತ ಶೇಖಮ್ಮಗ ಖಾತ್ರಿ ಇತ್ತು. ಶೇಖಮ್ಮ ಕಾಲು ಸಪ್ಪಳ ಆಗದಂಗ ಹಿತ್ತಲಕ್ಕ ಹೋಗಿ, ಒಂದೊಂದು ಕುಡಿಗಿ ಒಂದೊಂದು ಹುಳ ಎಲಿ ತುದೀಲಿಂದ ಇಳಿಸಿದ್ಳು. "ತಿನ್ನು, ಹೊಟ್ಟಿ ತುಂಬ ತಿನ್ನು" ಅಂತ ಒಂದಕ್ಕ ಹೇಳಿದ್ಳು ಸುದ್ದ. ಹಂಗ ಮೂರು ಮಧ್ಯಾಹ್ನ ಹೋದ್ಳು. ತನ್ನ ಬಳ್ಳ್ಯಾಗ ಹುಡುಕಿದ್ರೂ ಒಂದು ಹುಳ ಉಳೀಲಿಲ್ಲ. ನಾಕನೇ ದಿನ ಹೊಟ್ಟಿ ತುಂಬ ಉಂಡು ಮಲಗಿದ್ಳು. ತಿಂಗಳ ಮ್ಯಾಲಾಗಿತ್ತು ಹಂಗ ಉಂಡು.

ಎಂಟು ದಿನಕ್ಕ ಶೇಖಮ್ಮನ ಅಲಸಂದಿ ಕುಡಿ ಮುದುಡಿದ್ವು. ಹತ್ತು ದಿನಕ್ಕ ಕಾಂಡ ಕಾಣಲಾರದಂಗ ಹೇನು ಕರ್ರಗ ಹತ್ತಿದ್ವು, ಎಲಿ ಜಿಗಿಜಿಗಿ, ಇರಿವಿ ಸಾಲು ಹಿಡದಿದ್ವು. ಹೂವು ಉದುರಿದ್ವು. "ಈ ವರ್ಷ ಬೀಜ ಸರಿ ಇಲ್ಲ" ಅಂದ್ಳು ಶೇಖಮ್ಮ. ಆಮ್ಯಾಲ "ಬಸಿನೀರು ಉಪ್ಪಾಗ್ಯಾದ" ಅಂದ್ಳು.

"ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ" ಅಂದ ದ್ಯಾವಪ್ಪ ಬೀಡಿ ಕಚ್ಚಿಕೊಂಡು. ಹೆಂಡ್ತಿ ಆವತ್ತು ಅವನಿಗಿ ಸಾರಿಗಿ ಉಪ್ಪೇ ಹಾಕಲಿಲ್ಲ.

ಅಮಾಸಿ ದಿನ ಮುಂಜಾನಿ ಅಕಿಗಿ ನಳಕ್ಕ ಹೋಗೋ ಮನಸ್ಸಿರಲಿಲ್ಲ. ಹೋಗದಿದ್ರ ಸೋತಾಳ ಅಂತಾರ. ಖಾಲಿ ಕೊಡ ಹೊತ್ಕೊಂಡು ಹೋದ್ಳು. ಎಲ್ಲಾರೂ ಕೂಡಿದ್ರು. ದೇವಕಮ್ಮನೂ ಇದ್ಳು. ಆ ಕಡೀಂದ ಮಜೀದಾ ಬಂದ್ಳು, ಉಡಿ ತುಂಬ ಅಲಸಂದಿ ಕಾಯಿ, ಹಸರಂದ್ರ ಹಸರು, ಗೇಣುದ್ದ. ಶೇಖಮ್ಮ ಕೊಡ ಕೆಳಗ ಇಟ್ಳು. ಮುಗೀತು, ಇವತ್ತಿಗಿ ಹುಳದ ಶೇಖಮ್ಮ ಸತ್ಳು ಅಂತ ಮನಸಿನಾಗೇ ಅಂದ್ಕೊಂಡ್ಳು.

ಮಜೀದಾ ಸೀದಾ ಬಂದು ಮೊದಲ ಮುಷ್ಟಿ ಶೇಖಮ್ಮನ ಖಾಲಿ ಕೊಡದಾಗ ಹಾಕಿದ್ಳು.

"ಏ, ಇದೇನಿದು?" ಅಂದ್ಳು ಮಲ್ಲಿಕಮ್ಮ. "ಶರತ್ತು ಸೋತಾಕಿಗಿ ಕಾಯಿ ಕೊಡ್ತಾರೇನು?"

"ನಿಮಗೇನು ಗೊತ್ತದ?" ಅಂದ್ಳು ಮಜೀದಾ. ಅಕಿ ಕಣ್ಣಾಗ ನೀರು ಬಂದಿತ್ತು. "ಹೋದ ತಿಂಗಳು ನಮ್ಮ ಅತ್ತಿಗಿ ಕಣ್ಣಿನ ಆಪರೇಷನ್ ಆತು. ಈಗ ಅಂಗಳದಾಗಿನ ಇರಿವಿ ಸುದ್ದ ಕಾಣಸ್ತದ. ನಾ ಬಜಾರಕ್ಕ ಹೋದಾಗ ಈ ನನ್ನ ಅಕ್ಕ ಮೂರು ದಿನ ಬಿಸಲಾಗ ಬಂದು, ತನ್ನ ಬಳ್ಳ್ಯಾಗಿನ ಹುಳ ಕಡ್ಡಿಪೆಟ್ಟಿಗ್ಯಾಗ ತಂದು ನನ್ನ ಬಳ್ಳಿಗಿ ಬಿಟ್ಟು ಹೋಗ್ಯಾಳ! ಅತ್ತಿ ಕಣ್ಣಾರೆ ನೋಡ್ಯಾಳ. ಬಾಯಿಲೆ ಬೈದು ಕೈಲೆ ಮಾಡ್ಯಾಳ. ಆ ಹುಳದ ಖರೇ ಗುಟ್ಟು ಈಕಿಗಿ ಗೊತ್ತಿರಲಾರದ ಬಿಟ್ಟಾಳೇನು?"

ಹಚ್ಚಿದ ಕೊಡ ತುಂಬಿ ಹರದ್ರೂ ಯಾರೂ ನೋಡಲಿಲ್ಲ. ಆಮ್ಯಾಲ ಒಬ್ಬಾಕಿ "ಯವ್ವಾ, ಹೌದಲ್ಲೇ" ಅಂದ್ಳು. ಇನ್ನೊಬ್ಬಾಕಿ "ಹುಳದ ಶೇಖಮ್ಮ ಅಂದ್ರ ಸುಮ್ಮನೇನು" ಅಂದ್ಳು. ತಿಂಗಳುಗಟ್ಟಲೆ ಯಾವ ಮಾತು ಕೇಳಬೇಕಂತ ಅಕಿ ಹಪಹಪಿಸಿದ್ಳೋ ಆ ಮಾತೆಲ್ಲ ಒಂದೇ ಸಲ ಬಂದ್ವು. ಇಲ್ಲ, ನಾ ಒಣಗ್ಲಿ ಅಂತ ಬಿಟ್ಟಿದ್ದೆ ಅನ್ನೋ ಮಾತು ನಾಲಿಗಿ ತುದಿಗಿ ಬಂತು. ಶೇಖಮ್ಮ ಅದನ್ನ ನುಂಗಿ, "ಹೂಂ" ಅಂದ್ಳು. ಬರೇ ಹೂಂ.

ದೇವಕಮ್ಮಗ ಮಾತ್ರ ಆ ಮಾತು ಕೂಡಲಿಲ್ಲ. ದಿನಾ ಗ್ವಾಡಿ ಮ್ಯಾಲಿಂದ ಶೇಖಮ್ಮನ ಬಳ್ಳಿ ನೋಡ್ತಿದ್ದಾಕಿ ಅಕಿ. ಹುಳ ಪೂರಾ ಖಾಲಿ ಆಗಿದ್ದೂ ನೋಡ್ಯಾಳ, ಹೇನು ಕರ್ರಗ ಏರಿದ್ದೂ ನೋಡ್ಯಾಳ. ಹುಳದ ಗುಟ್ಟು ಬಲ್ಲಾಕಿ ತನ್ನ ಬಳ್ಳಿ ಸಾಯಿಸಿಕೊಂಡು ಮಂದಿ ಬಳ್ಳಿಗಿ ಬಿಡ್ತಾಳೇನು? ಲೆಕ್ಕ ಅಕಿಗಿ ತಿಳೀತು. ತಿಳಿದೂ ಕೊಡ ಎತ್ತಿ ನಡುವಿಗಿ ಇಟ್ಕೊಂಡು, "ಯಕ್ಕ ದೊಡ್ಡಾಕಿ" ಅಂದು ಹೋದ್ಳು.

ಶೇಖಮ್ಮಗ ಅದು ತಡೀಲಾರದಾತು. ಬೈದಿದ್ರ ತಿರುಗಿ ಬೈತಿದ್ಳು, ನಕ್ಕಿದ್ರ ಜಡಿ ಹಿಡದು ಜಗ್ಗ್ತಿದ್ಳು. ಈಕಿ ನನ್ನ ಮಾನ ಉಳಿಸಬೇಕೇನು? ಹುಳ ಗುರುತಿಸೋದು ಕಸಗೊಂಡ್ಳು, ದೊಡ್ಡತನನೂ ಕಸಗೊಂಡ್ಳು! ಮಜೀದಾ ಕೊಟ್ಟ ಕಾಯಿ ಪಲ್ಯ ಮಾಡಿದ್ಳು, ಗಂಡಗ ನೀಡಿದ್ಳು. ತಾ ಒಂದು ತುತ್ತು ಬಾಯಿಗಿ ಇಡಲಿಲ್ಲ.

ಮರುದಿನ ಮುಂಜಾನಿ ನಡುವಿನ ಗ್ವಾಡಿ ಮ್ಯಾಲ ಒಂದು ಕಡ್ಡಿಪೆಟ್ಟಿಗಿ ಇತ್ತು. ಯಾರು ಇಟ್ಟಾರಂತ ಕೇಳಬೇಕಾಗಿರಲಿಲ್ಲ. ಹಠಕ್ಕ ಬಿದ್ದು ದಿನಪೂರ್ತಿ ಅದನ್ನ ಮುಟ್ಟಲಿಲ್ಲ. ಮತ್ತೊಂದು ಮುಂಜಾನಿ ಆತು. ತಂದ ಪೆಟ್ಟಿಗಿ ತೆಗೀದ ಕುಂತದ್ದು ಅಕಿ ಜೀವನದಾಗೇ ಇಲ್ಲ. ಕೈ ತಾನೇ ಹೋತು.

ಒಳಗ ಅಲಸಂದಿ ಕುಡಿ ಒಂದು, ಹಸರು ಹುಳ ಎರಡು. ಹುಳ ಉಬ್ಬಿ ದಪ್ಪಗಾಗಿದ್ವು. ಶೇಖಮ್ಮ ರೂಢಿಯಂಗ ಹುಳ ಬಿಟ್ಟು ಹಿಕ್ಕಿ ಹುಡುಕಿದ್ಳು. ಕಾಳಿನಂತಾದ್ದಿಲ್ಲ, ಹಸರು ಪುಡಿ ಇಲ್ಲ. ಕರಿ ಎಣ್ಣಿ ಒರೆಸಿದಂಗ ಎರಡು ಕಲಿ ಅಷ್ಟೇ. ಎಲಿ ನೋಡಿದ್ಳು. ಒಂದು ತೂತಿಲ್ಲ, ಅಂಚು ಕಚ್ಚಿಲ್ಲ. ಕುಡಿ ಬುಡದಾಗ ಹೇನಿನ ಖಾಲಿ ತೊಗಲು ಒಣ ಹೊಟ್ಟಿನಂಗ ಬಿದ್ದಿದ್ವು. ಜೀವ ಇದ್ದ ಹೇನು ಒಂದೂ ಇರಲಿಲ್ಲ. ಎಲಿ ತಿಂದ ಹುಳ ಎಲಿ ಬಣ್ಣದ ಹಿಕ್ಕಿ ಹಾಕ್ಲೇಬೇಕು, ಇದು ಅಕಿದೇ ಮಾತು. ಇಪ್ಪತ್ತೈದು ವರ್ಷ ಊರಿಗೆಲ್ಲ ಹೇಳಿದ ಮಾತನ್ನ ಈ ಒಂದು ಹುಳಕ್ಕ ಹಚ್ಚಿ ನೋಡಿರಲಿಲ್ಲ. ನೋಡೋದಕಿಂತ ಮೊದಲೇ ಬಟ್ಟು ಹೊಸಗಿ ಬಿಡ್ತಿತ್ತಲ್ಲ.

ಅಕಿ ಆ ಎರಡು ಹುಳಾನ ತನ್ನ ಬಳ್ಳ್ಯಾಗ ಇನ್ನೂ ಜೀವ ಇದ್ದ ಒಂದು ಟೊಂಗಿಗಿ ಇಳಿಸಿದ್ಳು. ಗ್ವಾಡಿ ಹತ್ರ ಹೋಗಿ ನಿಂತ್ಳು. ಆ ಕಡೆ ದೇವಕಮ್ಮ ಭಾಂಡಿ ತಿಕ್ಕಾಕತ್ತಿದ್ಳು.

"ಏ ದೇವಿ."

"ಏನ ಯಕ್ಕಾ?"

"ಮಜೀದಾನ ಬಳ್ಳಿ ಒಣಗ್ಲಿ ಅಂತ ಬಿಟ್ಟಿದ್ದೆ."

ದೇವಕಮ್ಮ ಭಾಂಡಿ ತಿಕ್ಕೋದು ನಿಲ್ಲಿಸಲಿಲ್ಲ. "ಗೊತ್ತದ ಯಕ್ಕಾ."

"ಮತ್ತ ಮಂದಿ ಮುಂದ ಯಾಕ ಹೇಳಲಿಲ್ಲ?"

"ನೀ ಇಲ್ಲಂದ್ರ ನನ್ನ ಫೋನಿಗಿ ತಿಳೀಲಾರದ್ದು ಯಾರಿಗಿ ಕೇಳ್ಲಿ? ಹೋದ ವಾರ ನುಗ್ಗಿಗಿ ಹತ್ತಿದ ಹುಳ ಫೋಟೋ ತೆಗದು ಕೇಳಿದ್ರ ಫೋನು ಅದನ್ನ ಹಗ್ಗ ಅಂತು."

ಶೇಖಮ್ಮಗ ನಗು ಬಂತು. ನಕ್ಕರ ಸೋತಂಗ ಅಂತ ಮೂಗಿನಾಗೇ ತಡದ್ಳು. ಆಮ್ಯಾಲ ಹುಟ್ಟಿದಾಗಿಂದ ಯಾರಿಗೂ ಕೇಳಲಾರದ ಮಾತು ಕೇಳಿದ್ಳು: "ಈ ಹುಳ ದಿನಕ್ಕ ಎಷ್ಟು ಹೇನು ತಿಂತದ?"

ಆ ಒಂದು ಟೊಂಗಿ ಉಳೀತು. ಇಪ್ಪತ್ತು ದಿನಕ್ಕ ಅದರಾಗ ಒಂದು ಮುಷ್ಟಿ ಕಾಯಿ ಆದ್ವು, ಎಣಿಸಿದ್ರ ಹದಿನಾಲ್ಕು. ಪದ್ಧತಿ ಅಂದ್ರ ಪದ್ಧತಿ. ಶೇಖಮ್ಮ ಎದ್ದು ಮುಖ ತೊಳಕೊಂಡು, ಅಷ್ಟೂ ಕಾಯಿ ಹರಕೊಂಡು ಹೋಗಿ ನಡುವಿನ ಗ್ವಾಡಿ ಮ್ಯಾಲ, ದೇವಕಮ್ಮನ ಕಡೀಗಿ, ಓಣಿಗಿ ಕಾಣಂಗ ಇಟ್ಳು. ಒಳಗ ಬಂದು ಚಾಕ್ಕ ನೀರಿಟ್ಳು. ನೀರು ಕುದಿಯೋ ತನಕ ಸುಮ್ಮನಿದ್ಳು. ಆಮ್ಯಾಲ ತಡೀಲಾರದ ಹೊರಗ ಹೋಗಿ, ಆ ಕಡೆ ಈ ಕಡೆ ನೋಡಿ, ಅದರಾಗಿನ ಎರಡು ಉದ್ದನ ಕಾಯಿ ಹೊಳ್ಳಿ ತಗೊಂಡು ಬಂದ್ಳು.